ಅರವತ್ತೊಂದು ದಿನ

ಜೂನ್ ಒಂದಕ್ಕೆ ಬೋಟುಗಳು ಮೂತಿಗೆ ಮೂತಿ ಕೊಟ್ಟು
ಬೈತಖೋಲದ ಧಕ್ಕೆಯಲ್ಲಿ ನಿಂತವು.
ಬರ್ಫಿನ ಕಾರ್ಖಾನೆಯ ಕಂಪ್ರೆಸರು
ಕೊನೆಯ ಸಲ ಕೆಮ್ಮಿ ಸುಮ್ಮನಾಯಿತು.
ಇಪ್ಪತ್ತೆರಡು ವರ್ಷದ ರಾತ್ರಿಪಾಳಿ ನನ್ನದು;
ಮೌನವೆಂದರೆ ನನಗೆ
ವರ್ಷಕ್ಕೆ ಅರವತ್ತೊಂದು ದಿನದ ಸರಕಾರಿ ರಜೆ.

ಆ ರಜೆಯನ್ನೇ ಕೇಳಲು ಬಂದರು ಮೂವರು.
ಗಜು ತಾಂಡೇಲ, ಬೋಟು ನಿಂತರೂ ಕೈ ನಿಲ್ಲದವ,
ತೊಡೆಯ ಮೇಲೆ, ಡೀಸೆಲ್ ಕ್ಯಾನಿನ ಮೇಲೆ,
ಚಹಾದಂಗಡಿಯಲ್ಲಿ ಯಾರದೋ ಬೆನ್ನ ಮೇಲೆ ತಾಳ.
ತನ್ವೀರ, ಕೋಡಿಬಾಗದ ಮೊಬೈಲ್ ರಿಪೇರಿಯವ,
ಸತ್ತ ಗಿಟಾರಿಗೂ ಬೆಸುಗೆ ಹಾಕಿ ಎಬ್ಬಿಸಿದವ.
ಜೊಯ್ಲಿನ್, ಸಹಕಾರಿ ಬ್ಯಾಂಕಿನಲ್ಲಿ
ಅಡವಿನ ಚಿನ್ನ ತೂಗುವವಳು.
"ಗೋಡೆ ದಪ್ಪ ಅಂಕಲ್, ಒಳಗೆ ಮಳೆ ಕೇಳಿಸುವುದಿಲ್ಲ" ಅಂದಳು.

ಅದು ನಿಜ. ಥಂಡಿ ಹೊರಗೆ ಹೋಗಬಾರದೆಂದು
ಗೋಡೆಯೊಳಗೆ ಎಂಟಿಂಚು ಥರ್ಮಾಕೋಲು.
ಸದ್ದೂ ಹೋಗುವುದಿಲ್ಲವೆಂದು
ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ.
ಕೀಲಿ ಕೊಟ್ಟೆ. ಮಾಲಕರಿಗೆ ಹೇಳಲಿಲ್ಲ.

"ಇಪಿ ಅಂದರೆ ಎಂತ?"
"ಆಲ್ಬಮ್ಮಿಗೆ ಹಾಡೂ ಸಾಲದು, ದುಡ್ಡೂ ಸಾಲದು
ಅಂದಾಗ ಮಾಡುವುದು."
"ಅರ್ಧ ಕ್ರೇಟು."
"ಹೌದು, ಅರ್ಧ ಕ್ರೇಟು. ಆದರೆ ಇವತ್ತಿನ ಮೀನು."

ಮೊದಲ ವಾರ ನನಗೆ ತಲೆಶೂಲೆ.
ಹಾಡೇನೋ ಅದು? ಪಂಖಕ್ಕೆ ಬಲೆ ಸುತ್ತಿಕೊಂಡಾಗ
ಎಂಜಿನ್ನು ಬಯ್ಯುವುದೂ ಹಾಗೆಯೇ.
ಗಿಟಾರು ತುಕ್ಕು ಕೆರೆಯಿತು,
ಗಜು ಬಡಿದ, ಬಡಿದ, ಬೆವತ,
ಜೊಯ್ಲಿನ್ ಮಾತ್ರ
ಬಳೆ ಬಿಡಿಸಲಾಗದೆ ವಾಪಸು ಹೊರಟವರಿಗೆ
"ಇನ್ನೊಂದು ತಿಂಗಳು ನೋಡಿ" ಅನ್ನುವ ದನಿಯಲ್ಲಿ
ಒಂದೊಂದೇ ಸಾಲು ತಕ್ಕಡಿಗೆ ಇಟ್ಟಳು.

ಮೂರನೇ ವಾರ
ಟಿಫಿನ್ ಡಬ್ಬಿ ತೊಳೆಯುತ್ತ ನಾನೇ ಗುನುಗುತ್ತಿದ್ದೆ.
ಮಗಳು ಕೇಳಿದಳು: ಅಪ್ಪ, ಹಲ್ಲುನೋವಾ?

ಎರಡನೆಯ ಹಾಡು ಬಿದ್ದ ಸೇತುವೆಯದು.
ಆಚೆ ಸದಾಶಿವಗಡ, ಈಚೆ ಕೋಡಿಬಾಗ,
ನಡುವೆ ಕಾಳಿ ನದಿಯಲ್ಲಿ ಮುಳುಗಿರುವುದು
ಯಾರೋ ಯಾರಿಗೋ ಹೇಳಿದ "ಬರ್ತೆ".
ಮೂರನೆಯದು ಕೊಂಕಣಿಯಲ್ಲಿ.
ಕನ್ನಡದಲ್ಲೇ ಬರೆದಿದ್ದಳಂತೆ, ಸಿಟ್ಟು ಸಾಲಲಿಲ್ಲವಂತೆ.
ಅವಳಜ್ಜಿಯ ಬಾವಿ ಈಗ ನೌಕಾದಳದ ಕಾಂಪೌಂಡಿನೊಳಗೆ;
ನೀರಿಗೆ ಇಣುಕಲೂ ಪಾಸು ಬೇಕು.
ಹಾಡು ಮುಗಿದ ಮೇಲೆ ತನ್ವೀರ
ತುಂಬ ಹೊತ್ತು ವೈರು ಸುತ್ತುತ್ತಿದ್ದ.

ನಾಲ್ಕನೆಯದಕ್ಕೆ ದಿನ ಉಳಿಯಲಿಲ್ಲ.
ಜುಲೈ ಇಪ್ಪತ್ತೊಂಬತ್ತು, ಮಾಲಕರ ಫೋನು:
ಬೋಟಿಗೆ ಬರ್ಫು ಬೇಕು, ಇವತ್ತೇ ಚಾಲೂ ಮಾಡು.
ಗಜುವನ್ನು ಬಲೆ ಏರಿಸಲು ಕರೆದೊಯ್ದರು,
ಡ್ರಮ್ಮಿನ ಕೋಲು ಅವನ ಹಿಂದಿನ ಜೇಬಿನಲ್ಲೇ ಹೋಯಿತು.
ಅರವತ್ತೊಂದು
ಐವತ್ತೊಂಬತ್ತಕ್ಕೇ ಮುಗಿಯಿತು.

ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದೆ.
ಕದ್ದು ಸಿಕ್ಕಿಬಿದ್ದವನ ಹಾಗೆ.
"ಹಾಕಿ ಅಂಕಲ್," ಅಂದಳು ಜೊಯ್ಲಿನ್,
"ಮೈಕು ಆನ್ ಇದೆ."

ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ಹಿಡಿಯಿತು.
ಧುಗುಧುಗು ಧುಗು, ನಡುವೆ ಒಂದು ತಪ್ಪು ಹೆಜ್ಜೆ,
ಇಪ್ಪತ್ತೆರಡು ವರ್ಷ ನಾನು ಕೇಳಿಯೂ ಕೇಳದ ಹೆಜ್ಜೆ.
ಅವಳು ಉಸಿರನ್ನು ಅದಕ್ಕೆ ಹೊಂದಿಸಿಕೊಂಡಳು.
ನಳಿಗೆಗಳ ಮೇಲೆ ಬಿಳಿ ಕಟ್ಟತೊಡಗಿತ್ತು,
ಹಾಡುವಾಗ ಬಾಯಿಂದ ಹೊಗೆ.

ಅಕ್ಟೋಬರದಲ್ಲಿ ಹೊರಗೆ ಬಂತು.
ಮುನ್ನೂರ ಹನ್ನೆರಡು ಸಲ ಕೇಳಿದ್ದಾರಂತೆ;
ಅದರಲ್ಲಿ ನಲವತ್ತು ನನ್ನವೇ.
ಕೂರ್ಮಗಡದ ಆಚೆ ಸಿಗ್ನಲ್ಲಿಲ್ಲ,
ಗಜು ಇಳಿಸಿಕೊಂಡು ಹೋಗಿ ಬೋಟಿನಲ್ಲಿ ಹಾಕಿದನಂತೆ.
ನಾಲ್ಕನೆಯದು ಎಲ್ಲಿ ಮುಗಿದು
ಎಂಜಿನ್ನು ಎಲ್ಲಿ ಶುರುವೆಂದು ತಿಳಿಯದೆ
ಖಲಾಸಿಗಳು ಜಗಳಾಡಿದರಂತೆ.
ಅವನು ನಗುತ್ತಲೇ ಹೇಳಿದ, ಪೂರ್ತಿ ನಗಲಿಲ್ಲ.

ಹೆಸರಿನ ಪಟ್ಟಿ ತನ್ವೀರ ತೋರಿಸಿದ.
ಡ್ರಮ್ಸ್: ಗಜಾನನ ತಾಂಡೇಲ.
ಕೆಳಗೆ, ನಾಲ್ಕನೆಯ ಹಾಡಿಗೆ:
ಕಂಪ್ರೆಸರ್, ಉಮಾಕಾಂತ ಮೇಸ್ತ.
ಮಾಲಕರಿಗೆ ಇನ್ನೂ ಹೇಳಿಲ್ಲ.

ನಿನ್ನೆ ಮೆಕ್ಯಾನಿಕ್ ಬಂದಿದ್ದ, ಕಿವಿಯಿಟ್ಟು ಕೇಳಿದ.
ಬೇರಿಂಗು ಸವೆದಿದೆ, ಬದಲಿಸಿದರೆ
ಈ ತಪ್ಪು ಹೆಜ್ಜೆ ಹೋಗುತ್ತದೆ ಅಂದ.
ಇರಲಿ ಬಿಡು ಮಾರಾಯ, ಅಂದೆ,
ಇನ್ನೊಂದು ಸೀಸನ್ನು.