ಹಿತ್ತಿಲ ಬಾಗಿಲಿನ ನಕ್ಷೆ

ಅರಮನೆಯ ದೀಪ ನೋಡಿದಿರಿ, ಬೆಟ್ಟ ಹತ್ತಿ ಇಳಿದಿರಿ,
ಇನ್ನೇನುಂಟು ಅಂತ ನನ್ನ ಕೇಳುತ್ತೀರಿ.
ನಾನು ಯಾವ ಊರನ್ನೂ ಮುಂಬಾಗಿಲಿಂದ ಹೊಕ್ಕವನಲ್ಲ.
ಗ್ರೈಂಡರ್ ರಿಪೇರಿಯವನು. ಕಲ್ಲು ಸವೆದರೆ ಕರೆಯುತ್ತಾರೆ.
ಉಳಿ, ಸುತ್ತಿಗೆ, ಎರಡು ಬೆಲ್ಟು, ಗ್ರೀಸಿನ ಡಬ್ಬಿ,
ಬಚ್ಚಲ ಪಕ್ಕದ ಓಣಿಯಿಂದ ಒಳಗೆ.

ಸೋಮವಾರ, ಗುರುವಾರ ಮೈಸೂರು. ಮಿಕ್ಕ ದಿನ ಮಂಡ್ಯ.

ಸಂತೆಪೇಟೆಯ ಹಿಂದೆ
ಹಗ್ಗದಂಗಡಿಗೂ ಹಿತ್ತಾಳೆ ಪಾತ್ರೆಯವನಿಗೂ ನಡುವೆ
ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಒತ್ತಬೇಕಾದ ಸಂದಿ.
ಅಲ್ಲಿತ್ತು ಅಳಸಿಂಗರಾಚಾರ್ರ ಮೆಸ್ಸು.
ಆರು ಮೇಜು. ಬೋರ್ಡಿಲ್ಲ. ಒಂಬತ್ತೂವರೆಗೆ ಬಾಗಿಲು ಬಂದ್.
ಎರಡನೇ ಸಲ ಚಟ್ನಿ ಕೇಳಿದರೆ
ಕನ್ನಡಕದ ಮೇಲಿಂದ ನೋಡುವರು, ಬಡಿಸುವರು,
"ಇಡ್ಲಿ ರುಚಿ ಗೊತ್ತಾಗಲಿಲ್ಲವೇನೋ" ಅನ್ನುವರು.

ಅವರ ಅಟ್ಟದ ಕಿಟಕಿಯಿಂದ
ಮಂಡಿ ಮೊಹಲ್ಲಾ ಕಡೆಯ ತಾರಸಿಗಳು ಕಾಣುತ್ತಿದ್ದವು.
ಒಣಗಲು ಹರವಿದ ಊದುಬತ್ತಿ,
ಕಪ್ಪು ಬೀಸಣಿಗೆಗಳ ಹಾಗೆ, ಮನೆಮನೆಯ ಮೇಲೂ.
ಮೋಡ ಕವಿದೊಡನೆ ಜುಲೇಖಾಬಿ, ಅವಳ ಇಬ್ಬರು ಸೊಸೆಯರು
ಸೆರಗು ಸಿಕ್ಕಿಸಿ ಓಡಿಬಂದು
ಅಷ್ಟನ್ನೂ ಬಾಚಿ ಎತ್ತುವುದಿದೆಯಲ್ಲ,
ಅದಕ್ಕಿನ್ನೂ ಯಾರೂ ಟಿಕೀಟು ಇಟ್ಟಿಲ್ಲ.
ಕೆಳಗೆ ಟಾಂಗಾ ಕುದುರೆಗಳ ಹಳೇ ಕಲ್ಲುತೊಟ್ಟಿ.
ಕುದುರೆ ಇಲ್ಲ. ಹೂವಿನವಳು ಕನಕಾಂಬರ ನೆನೆಸಿಟ್ಟಿರುತ್ತಾಳೆ.

ಮಂಡ್ಯಕ್ಕೆ ಬಂದರೆ ಗೋಪುರ ಹುಡುಕಬೇಡಿ.
ಮೂಗನ್ನು ಮುಂದೆ ಬಿಟ್ಟು ನಡೆಯಿರಿ.
ಕಾಕಂಬಿ ವಾಸನೆ ಗಂಟಲಿಗಿಳಿವ ಕಡೆ
ಕಬ್ಬಿನ ಗಾಡಿಗಳ ಸಾಲು, ರಾತ್ರಿ ಹನ್ನೊಂದರಲ್ಲೂ.
ಗಾಡಿಯಡಿ ಮಲಗಿದವನ ಒಂದು ಕಾಲಷ್ಟೇ ಬೆಳಕಲ್ಲಿ.
ಪ್ರತಿ ಎತ್ತೂ ತನ್ನ ಮುಂದಿನ ಗಾಡಿಯ ಸೋಗೆ ಕದ್ದು ಮೆಲ್ಲುತ್ತದೆ,
ಲೆಕ್ಕ ಹೆಂಗೋ ಸರಿಹೋಗುತ್ತದೆ.
ಎಲ್ಲಕ್ಕೂ ಮೊದಲನೆಯದು ಮಾತ್ರ ಉಪವಾಸ.

ಕಾರೇಮನೆ ಗೇಟಿನ ಹತ್ತಿರ ತಗಡಿನ ಸೂರು, ನಿಂಗಾಜಮ್ಮನ ಹೋಟ್ಲು.
ನಾನು ಚೀಲ ಇಳಿಸುವ ಮುಂಚೆಯೇ,
"ಉಣ್ಣು ಮೊದ್ಲು. ಕಲ್ಲೇನು ಓಡೋದದಾ?"
ಹುರುಳಿ ಬಸ್ಸಾರು, ಮುದ್ದೆ, ನೆಂಚಿಕೊಳ್ಳಲು ಸುಟ್ಟ ಮೆಣಸಿನಕಾಯಿ.
ಸಾಕು ಅನ್ನುವ ಮಾತು ಅವಳ ಎಡಗಿವಿಗೂ ಕೇಳದು, ಬಲಗಿವಿಗೂ ಕೇಳದು.
ಗೇಟು ಬಿದ್ದರೆ ಬೈಕಿನವರೆಲ್ಲ ಅಲ್ಲೇ ಕಾಲೂರಿ
ಬೆಲ್ಲದ ರೇಟು, ಸೊಸೈಟಿ ಎಲೆಕ್ಷನ್ನು, ಯಾರದೋ ನಿಶ್ಚಿತಾರ್ಥ.
ರೈಲು ಹಾಯುವಾಗ
ನೀರಿನ ಲೋಟ ಮೇಜಿನ ಮೇಲೆ ಒಂದು ಬೆರಳಷ್ಟು ಜರುಗುತ್ತದೆ.
ಊಟ ಮುಗಿಯುವುದರೊಳಗೆ ನಿಮ್ಮ ಲೋಟ ಪಕ್ಕದವನದು.

ಹೋದ ಆಷಾಢ ಮೆಸ್ಸು ಮುಚ್ಚಿತು.
ಆಚಾರ್ರಿಗೆ ಮೊಣಕಾಲು, ಕಟ್ಟಡಕ್ಕೆ ಬಿರುಕು.
"ಪಾತ್ರೆ ಗುಜರಿಗೆ ಹೋಗಲಿ, ಕಲ್ಲು ಮಾತ್ರ ನೀನೇ ಒಯ್ಯೋ ಮುನಿಭೋವಿ,
ನಿಮ್ಮಪ್ಪ ಕಡೆದದ್ದು."
ಪ್ಯಾಸೆಂಜರ್ ರೈಲಿನಲ್ಲಿ ಕಾಲ ಸಂದಿಯಲ್ಲಿಟ್ಟು ತಂದೆ.
ಪಾಂಡವಪುರದಲ್ಲಿ ಹತ್ತಿದ ಮುದುಕಿ
"ಕೂತ್ಕಳ್ಳಾ ಮಗಾ?" ಅಂದಳು,
ಮಂಡ್ಯದವರೆಗೂ ಅದರ ಮೇಲೆ ಕೂತೇ ಬಂದಳು,
ಬೆನ್ನು ನೆಟ್ಟಗೆ, ಪಟ್ಟಕ್ಕೆ ಬಂದವಳ ಹಾಗೆ.

ಈಗದು ನಿಂಗಾಜಮ್ಮನ ಗ್ರೈಂಡರಿನಲ್ಲಿದೆ.
ಬೆಳಿಗ್ಗೆ ಇಡ್ಲಿ ಹಿಟ್ಟು. ಹನ್ನೊಂದಕ್ಕೆ ನಾಟಿಕೋಳಿಯ ಮಸಾಲೆ.
"ಇಡ್ಲಿ ಯಾಕೋ ಮೆತ್ತಗಾಗವೆ ಕಣಕ್ಕ" ಅಂತಾರೆ ಗೇಟಿನವರು.
ಅಪ್ಪನ ಉಳಿಯ ಗುರುತು ಇನ್ನೂ ಒಂದು ಮೂಲೆಯಲ್ಲಿದೆ,
ನಾನಲ್ಲಿ ಕೊರೆಯುವುದಿಲ್ಲ.

ಗುರುವಾರ ಆಚಾರ್ರ ಮನೆಗೆ ಹೋದರೆ ಕೇಳುತ್ತಾರೆ,
"ಕಲ್ಲು ಹೇಗಿದೆಯೋ?"
"ತಿರುಗ್ತಾ ಇದೆ, ಸ್ವಾಮಿ."
ಕೋಳಿಯ ವಿಷಯ ನಾನು ಎತ್ತಿಲ್ಲ. ನೀವೂ ಎತ್ತಬೇಡಿ.

ಹೋಗುವುದಾದರೆ ಏಳಕ್ಕೆ ಮುಂಚೆ ಹೋಗಿ.
ಚಿಲ್ಲರೆ ಇಟ್ಟುಕೊಳ್ಳಿ, ಅವಳ ಹತ್ತಿರ ಇರುವುದಿಲ್ಲ.