ಬಿಟ್ಟ ಸ್ಥಳ

ಸೆಡೇಲಿಯಾ. ಚರ್ಚಿನ ಹಿಂದಿನ ಕೋಣೆ.
ನಾಲ್ಕು ತಂತಿವಾದ್ಯ, ಒಂದು ಕ್ಲಾರಿನೆಟ್,
ಕಿಟಕಿಯಲ್ಲಿ ಆರಿದ ಕಾಫಿ.
ಪಿಯಾನೊದ ಎಡಗೈ ಕೆಲಸವೆಲ್ಲ ಈಗ ಚೆಲ್ಲೋ ಪಾಲಿಗೆ:
ಧೀಂ ತ, ಧೀಂ ತ,
ರೈಲ್ವೆ ಕೂಲಿಯ ನಡಿಗೆ.
ಬಲಗೈ ಪಿಟೀಲಿಗೆ;
ಅದು ತಾಳಕ್ಕಿಂತ ಅರೆಗಳಿಗೆ ಮುಂಚೆ ಕಾಲಿಟ್ಟು
ಏನೂ ಆಗಿಲ್ಲವೆಂಬಂತೆ
ಟೋಪಿ ಸರಿಮಾಡಿಕೊಳ್ಳುತ್ತದೆ.

"ಹದಿನೇಳನೇ ಆವರ್ತದಲ್ಲಿ ಒಂದು ಸ್ವರ ಬಿಟ್ಟಿದ್ದೀರಿ,"
ಎಂದ ಕ್ಲಾರಿನೆಟ್ಟಿನ ಹುಡುಗ ಥ್ಯಾಡಿಯಸ್.

ವರ್ಲೀನ್ ಕನ್ನಡಕ ತೆಗೆದಳು.
"ಅಜ್ಜ ನುಡಿಸುತ್ತಿದ್ದ ಬಾರಿನ ಪಿಯಾನೊದಲ್ಲಿ
ಆ ಕಪ್ಪು ಮನೆ ಸತ್ತಿತ್ತು.
ಯಾರೋ ಬಿಯರ್ ಸುರಿದಿದ್ದರಂತೆ.
ಒತ್ತಿದರೆ ಟೊಕ್, ಬರೀ ಮರ.
ನನ್ನ ಕಿವಿಯಲ್ಲಿ ಅಲ್ಲಿ ಮರವೇ ಇದೆ."

ಮತ್ತೆ ಮೊದಲಿಂದ.
ಹದಿನಾರು.
ಹದಿನೇಳು.
ನಾಲ್ಕು ಕಮಾನು, ಒಂದು ಉಸಿರು ನಿಂತಲ್ಲಿ
ಥ್ಯಾಡಿಯಸ್‌ನ ಷೂ
ನೆಲದ ಹಲಗೆಗೆ, ತಾನಾಗಿ:

ಟೊಕ್.