ಬೆನ್ನಿಗೆ ಬರೆದ ಬಾಕಿ

ಇಪ್ಪತ್ತಾರು ವರ್ಷ ಗದಗ-ಹುಬ್ಬಳ್ಳಿ, ಹುಬ್ಬಳ್ಳಿ-ಗದಗ.
ಹುಲಕೋಟಿ, ಅಣ್ಣಿಗೇರಿ, ಭದ್ರಾಪುರ, ಶಿರಗುಪ್ಪಿ.
ಹತ್ತವರನ್ನ ಹತ್ತಿಸಿದೆ, ಇಳಿಯವರನ್ನ ಇಳಿಸಿದೆ,
ನಾ ಮಾತ್ರ ದಿನಾ ಸಂಜಿಕೆ ಅದ ಡಿಪೋದಾಗ.
ಎಷ್ಟು ಕಿಲೋಮೀಟರ್ ಆತು ಅಂತ ಒಮ್ಮೆ ಕೂಡಿಸಿ ನೋಡಿದೆ:
ಭೂಮಿ ಸುತ್ತ ನಲವತ್ತು ಸಲ ಮುಗದಿತ್ತು.
ಸಮುದ್ರ ಇನ್ನೂ ನೋಡಿದ್ದಿಲ್ಲ.

ನಿವೃತ್ತಿ ದಿನ ಒಂದು ಶಾಲು, ಒಂದು ಗ್ವಾಡಿ ಗಡಿಯಾರ ಕೊಟ್ರು.
ಗಡಿಯಾರ ಗ್ವಾಡಿಗೆ. ಶಾಲು ಗಂಟಿಗೆ, ಕಾಶಿ ಚಳಿಗೆ ಆಗತೈತಿ,
ಒಂದು ಖರ್ಚು ಉಳೀತು.

ಹಳೇ ವೇಬಿಲ್ ಬೆನ್ನಿಗೆ ಗೆರಿ ಹೊಡದೆ.
ಕೈಯಾಗ ಎರಡು ಲಕ್ಷ ನಲವತ್ತು ಸಾವಿರ.
ಹತ್ತು ತಿಂಗಳು ಅಂದ್ರ ಮುನ್ನೂರು ದಿನ,
ದಿನಕ್ಕ ಎಂಟು ನೂರು.
ಛತ್ರಕ್ಕ ಇನ್ನೂರೈವತ್ತು, ಊಟಕ್ಕ ಇನ್ನೂರು,
ಹಾದಿಗೆ ಇನ್ನೂರು, ಮೊಣಕಾಲ ಗುಳಿಗಿಗೆ ಮೂವತ್ತು.
ಸಮುದ್ರದ ದಂಡಿಗೆ ಕುಂಡ್ರೋದಕ್ಕ ಸೊನ್ನೆ.
ಉಳಿದ ನೂರಿಪ್ಪತ್ತರ ಮುಂದ ಏನ ಬರೀಬೇಕು ತಿಳೀಲಿಲ್ಲ,
'ತಿಳೀಲಿಲ್ಲ' ಅಂತನ ಬರದೆ.

ಬಾಜೂ ಮನಿ ಹಜರತಬಿ ಸೀರಿಗೆ ಕುಚ್ಚು ಕಟ್ಟಕೋತ ಕೇಳಿದ್ಲು:
"ಫಕೀರವ್ವಾ, ಮನ್ಯಾಗ ಕುಂತ್ರ ಪುಕಟ ಏನ?
ಮೊದಲ ಅದನ್ನ ಕಳಿ."
ಕಳದೆ. ಹಾಲು, ಗ್ಯಾಸು, ಕರೆಂಟು, ಕೇಬಲ್ಲು,
ವರ್ಷಕ್ಕ ಹದಿನೆಂಟು ಮದಿವಿ, ಹದಿನೆಂಟು ಮುಯ್ಯಿ.
ಸುಮ್ಮನ ಕುಂತ್ರೂ ದಿನಕ್ಕ ಮುನ್ನೂರಾ ಹತ್ತು ಹೊಂಟಿತ್ತು.
ಎಂಟ ದಿನಕ್ಕೊಮ್ಮೆ ಬರೂ ನಳದ ನೀರಿಗೆ
ನಡುರಾತ್ರಿ ಎದ್ದು ಕಾದದ್ದನ್ನ ನಾ ಹಿಡೀಲೇ ಇಲ್ಲ.
ಹಂಗಾರ ಹೋಗೋದಕ್ಕ ಬೀಳೋದು
ಬರೇ ನಾಕನೂರಾ ತೊಂಬತ್ತು.

ಕಟಕ ರೊಟ್ಟಿ ನೂರೈವತ್ತು ಬಡದೆ,
ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊದಲ ತಿಂಗಳು ಊಟ ಅರ್ಧಕ್ಕ.
ಗಂಟು ಎತ್ತಿ ನೋಡಿದೆ, ಸೊಂಟ ಹಿಡೀತು.
ಹೊರಿಸಿದ್ರ ಹಮಾಲಿ ಐವತ್ತು, ಮುರದ್ರ ಪುಡಿ.
ಅರವತ್ತು ಇಟಗೊಂಡು ಉಳಿದದ್ದು ಓಣಿಗೆ ಹಂಚಿದೆ.

ಬರಿಯಾಕ ಬರದ ಸಾಲೂ ಇದ್ದವು.
ಗುರ್ತಿಲ್ಲದ ಊರಾಗ ಜ್ವರ ಬಂದ್ರ ಎಷ್ಟು?
ಮಾತು ತಿಳೀದವರ ಕೂಡ ನಗು ಬಂದ್ರ ಎಷ್ಟು?
ತಿರುಗಿ ಬರೋ ರೊಕ್ಕ ಮಾತ್ರ ಲಂಗದ ಒಳಗಿಸೆದಾಗ ಇಟ್ಟು ಹೊಲದೆ.
ಹಜರತಬಿ ಹಲ್ಲೀಲೆ ದಾರ ಕಡದು ಅಂದ್ಲು,
"ಬನಾರಸ ಸೀರಿ ಕಂಡ್ರೂ ಬಿಚ್ಚಬ್ಯಾಡ."

ಗದಗಿಂದ ಹುಬ್ಬಳ್ಳಿಗೆ ಶೂನ್ಯ ಟಿಕೇಟು, ಹೆಣ್ಣಮಕ್ಕಳಿಗೆ ಪುಕಟ.
ಅದ ಬಸ್ಸು, ಅದ ಹಾದಿ, ಈ ಸಲ ಕಿಡಕಿ ಸೀಟು.
ಅಣ್ಣಿಗೇರಿ ದಾಟಿದ ಮ್ಯಾಲೆ ಕುಸುಬಿ ಹೂ ಬಿಟ್ಟಿತ್ತು.
ಇಷ್ಟ ವರ್ಷ ಅಲ್ಲೇ ನಿಂತು
ನಾ ತಲಿ ಬಗ್ಗಿಸಿ ಚಿಲ್ಲರ ಎಣಿಸಿದ್ದೆ.

ಹುಬ್ಬಳ್ಳಿಯಿಂದ ಕೊಲ್ಲಾಪುರಕ್ಕ ರೊಕ್ಕ ಬಿತ್ತು.
ಕಂಡಕ್ಟರ್ ಹುಡುಗ, ಮೀಸಿ ಈಗ ಮೂಡೇತಿ,
"ಐದು ರೂಪಾಯಿ ಚಿಲ್ಲರ ಇಲ್ರಿ, ಫೋನಿಲೆ ಕೊಡ್ರಿ" ಅಂದ.
"ಹಿಂದ ಬರಿ" ಅಂದೆ.
ಈಗ ಯಾರೂ ಬರೆಸಂಗಿಲ್ಲಂತ. ಪೆನ್ನು ನಾನ ಕೊಟ್ಟೆ.
ನನ್ನ ಕಾಲಕ್ಕ ಎಷ್ಟು ಮಂದಿ ಬರೆಸಿಕೊಂಡು, ಕೇಳದ ಇಳದ್ರು!
ಹೆಚ್ಚಾದ ಚಿಲ್ಲರ ಸಂಜಿಕೆ ಡಿಪೋಕ್ಕ ಕಟ್ಟೂವಾಗ
ಒಬ್ಬೊಬ್ಬರ ಮುಖ ನೆನಸತಿದ್ದೆ,
ಸಿಗಲಾರದ ವಿಳಾಸಕ್ಕ ಪತ್ರ ಹಾಕಿದಂಗ.

"ತಿರುಗಿ ಬರೂವಾಗ ಇಸಗೋತೀನಿ."
"ಯಾವಾಗ ಬರ್ತೀರಿ?"
"ದೀಪಾವಳಿ ಆದಮ್ಯಾಲೆ."
ಆಗಿನ್ನೂ ಸಂಕ್ರಮಣದ ಎಳ್ಳು ಹಲ್ಲಾಗ ಇತ್ತು. ಅವ ನಕ್ಕ.

ವೇಬಿಲ್ಲಿನಾಗ ಹೊಸಾ ಗೆರಿ ಎಳದೆ:
ಬರಬೇಕಾದದ್ದು, ಐದು.

ನಿಪ್ಪಾಣ್ಯಾಗ ಬಸ್ಸು ನಿಂತಾಗ ಎರಡು ಚಹಾ ತಗೊಂಡೆ,
ಒಂದು ನನಗ, ಒಂದು ಬಾಜೂಕ ಕುಂತಿದ್ದ ಮರಾಠಿ ಮುದುಕಿಗೆ.
ಆಕಿ ಏನೋ ಅಂದ್ಲು, ನಾ ಏನೋ ಅಂದೆ,
ಇಬ್ಬರೂ ನಕ್ಕಿವಿ.
ಮೊದಲನೇ ದಿನದ ಲೆಕ್ಕ ಅಲ್ಲೇ ತಪ್ಪೇತಿ.